ಪವಿತ್ರಳ ಗೇಟಿನ ಮುಂದಿನ ಒರಳುಕಲ್ಲು

ಗುಂಡ್ಲುಪೇಟೆಯಲ್ಲಿ ನಮ್ಮ ಮನೆಯಿಂದ ಮೂರನೆಯದು ದೊಡ್ಡಮಲ್ಲಮ್ಮನ ಮನೆ. ಅವಳ ಅಡುಗೆಮನೆಯಲ್ಲಿ ಕಾಸು ಕೊಟ್ಟು ತಂದ ಪಾತ್ರೆ ಹುಡುಕಬೇಕು. ನಿಂಬೆ ಉಪ್ಪಿನಕಾಯಿ ಕುಳಿತಿರುವುದು ಯಾರೋ ಮೇಷ್ಟರು ಕುಡಿದು ಮುಗಿಸಿದ ಹಾರ್ಲಿಕ್ಸ್ ಬಾಟಲಿಗಳಲ್ಲಿ. ಹುರಳಿಕಾಳು ಇರುವುದು ಯಾರದೋ ಗೃಹಪ್ರವೇಶದಲ್ಲಿ ಖಾಲಿಯಾದ ಪೇಂಟಿನ ಬಕೆಟ್ಟಿನಲ್ಲಿ. ಸಂಡಿಗೆ ಒಣಗುವುದು ನನ್ನ ಹಳೆಯ ಪಂಚೆಯ ಮೇಲೆ.

ಹಾಗೆಂದು ಅವಳು ಕಸದಿಂದ ಆರಿಸುವವಳಲ್ಲ. ಬಾಗಿಲಿಗೇ ಹೋಗಿ, "ಇದು ನಿಮ್ಗೆ ಬೇಕಾ, ಬ್ಯಾಡ್ವಾ?" ಎಂದು ಕೇಳುತ್ತಾಳೆ. ಹಾಗೆ ಕೇಳಿಸಿಕೊಂಡವರಿಗೆ, ಅದುವರೆಗೆ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ವಸ್ತು ದಿಢೀರನೆ ಬೇಕೆನಿಸುತ್ತದೆ. ಆದರೂ ಕೊಡುತ್ತಾರೆ. ಗಂಡ ಮರಿಮಲ್ಲಪ್ಪನ ಟೈಲರ್ ಅಂಗಡಿಯ ಸಂಪಾದನೆಯಲ್ಲಿ ಮೂವತ್ತೈದು ವರ್ಷ ಆ ಮನೆಯ ಊಟ ರುಚಿ ಕೆಟ್ಟಿಲ್ಲವೆಂದರೆ, ಅದು ಊರವರು ಬೇಡವೆಂದದ್ದರ ಕೃಪೆ.

ಸಿಗದೇ ಉಳಿದದ್ದು ಒಂದೇ ವಸ್ತು, ಒರಳುಕಲ್ಲು. ಉಮ್ಮತ್ತೂರಿನ ತವರಿನಲ್ಲಿ ಅವ್ವ ಗುಂಡು ತಿರುಗಿಸುತ್ತಿದ್ದರೆ ಎದುರು ಕುಳಿತು ಹಿಟ್ಟನ್ನು ಕುಳಿಗೆ ತಳ್ಳುವುದು ಈಕೆಯ ಕೆಲಸವಾಗಿತ್ತು. ಅವ್ವ ಹೋದಳು. ತಮ್ಮನು ಆ ಮನೆಗೆ ಟೈಲ್ಸ್ ಹಾಕಿಸಿದಾಗ ಕಲ್ಲೂ ನೆಲದಡಿ ಹೋಯಿತು. ಈಗ ಅದರ ಮೇಲೆ ಟೀವಿ ಸ್ಟ್ಯಾಂಡ್ ನಿಂತಿದೆ. ಮಿಕ್ಸಿಯಲ್ಲಿ ಹುಚ್ಚೆಳ್ಳು ಚಟ್ನಿ ಮಾಡಿದಾಗಲೆಲ್ಲ ದೊಡ್ಡಮಲ್ಲಮ್ಮ ಗಂಡನಿಗೆ ಹೇಳುವ ಮಾತು ಒಂದೇ:

"ಇದೇನ್ ಚಟ್ನಿನಾ? ರುಬ್ಬೋವಾಗ್ಲೇ ಜ್ವರ ಬಂದು ಬೆಚ್ಚಗಾಗ್ಯದೆ."

"ಒಟ್ಟೆಗ್ ಓದ್ಮೇಲೆ ಎಲ್ಲಾ ಬೆಚ್ಚಗೇ ಆಯ್ತದೆ, ಇಕ್ಕು" ಎನ್ನುತ್ತಾನೆ ಮರಿಮಲ್ಲಪ್ಪ.

ಕಳೆದ ದೀಪಾವಳಿಗೆ ಚಾಮರಾಜನಗರದಿಂದ ಪವಿತ್ರಳ ಫೋನ್ ಬಂತು. ಅವಳು ದೊಡ್ಡಮಲ್ಲಮ್ಮನ ತಂಗಿಯ ಮಗಳು, ಶಾಲೆಯಲ್ಲಿ ಟೀಚರ್. "ದೊಡ್ಡವ್ವ, ಅತ್ತೆ ಕಾಲದ ಒಳ್ಕಲ್ಲು ಹಿತ್ತಲಲ್ಲಿ ಬಿದ್ದದೆ. ಕಾರು ನಿಲ್ಸೋಕೆ ಅಡ್ಡ. ನಿಂಗೆ ಬೇಕಾ?"

ದೊಡ್ಡಮಲ್ಲಮ್ಮ ಮಾರನೆಯ ದಿನವೇ ಬಸ್ಸು ಹತ್ತಿದಳು. ಕಂಡಕ್ಟರನನ್ನು ಮೊದಲೇ ವಿಚಾರಿಸಿದ್ದಳು. "ಟಿಕೆಟ್ ಫ್ರೀ ಇರೋದು ನಿಂಗೆ ಕಣವ್ವ, ಕಲ್ಲಿಗಲ್ಲ" ಎಂದಿದ್ದ ಆತ. ಹಾಗಾಗಿ ನಮ್ಮ ಬೀದಿಯ ಮಂಟೇಸ್ವಾಮಿಯ ಗೂಡ್ಸ್ ಆಟೋ ಗೊತ್ತಾಯಿತು. ಸೋಮವಾರ ಅವನು ತರಕಾರಿ ಇಳಿಸಿ ಖಾಲಿ ಬರುವಾಗ ಕಲ್ಲು ತರುವುದು. ಅಂದು ಶುಕ್ರವಾರ. ಪವಿತ್ರ ಇಬ್ಬರು ಕೂಲಿಯವರಿಂದ ಕಲ್ಲನ್ನು ಗೇಟಿನಾಚೆಯ ಬೇವಿನಮರದ ಬುಡಕ್ಕೆ ಹಾಕಿಸಿದಳು.

ದೊಡ್ಡಮಲ್ಲಮ್ಮ ತಪ್ಪು ಮಾಡಿದ್ದು ಇಲ್ಲಿ. ಒರಳುಕಲ್ಲು ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೊರಟಾಗ ಪೂಜೆಯಿಲ್ಲದೆ ಕದಲಿಸಬಾರದೆಂದು ಅವ್ವ ಕಲಿಸಿದ್ದಳು. ಕಲ್ಲನ್ನು ಉಜ್ಜಿ ತೊಳೆದಳು. ಗುಂಡನ್ನು ಕುಳಿಯಲ್ಲಿ ನೆಟ್ಟಗೆ ನಿಲ್ಲಿಸಿದಳು. ಅರಿಸಿನ ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಇಟ್ಟು, "ಸ್ವಾಮ್ವಾರ ಬತ್ತೀನಿ ಕಣವ್ವ" ಎಂದು ಕಲ್ಲಿಗೇ ಹೇಳಿ ಬಂದಳು.

ಆ ಸೋಮವಾರ ಕಾರ್ತಿಕದ ಮೊದಲ ಸೋಮವಾರ. ಆ ಬಡಾವಣೆಯಲ್ಲಿ ಶಿವರುದ್ರಸ್ವಾಮಿ ಎಂಬ ನಿವೃತ್ತ ಅಧಿಕಾರಿಗಳಿದ್ದಾರೆ. ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷರು. ಬೀದಿನಾಯಿಗೂ ಲಿಖಿತ ಎಚ್ಚರಿಕೆ ಕೊಡುವ ಸ್ವಭಾವದವರು. ಬೆಳಗಿನ ವಾಕಿಂಗಿನಲ್ಲಿ ಬೇವಿನ ಬುಡದಲ್ಲಿ ಅವರು ಕಂಡದ್ದು ಪಾಣಿಪೀಠದ ಮೇಲೆ ಹೂ ಮುಡಿದು ನಿಂತ ಲಿಂಗವನ್ನು. ರಾತ್ರಿಯಷ್ಟೇ ಇರಲಿಲ್ಲ, ಬೆಳಿಗ್ಗೆ ಇದೆ ಎಂದು ಅವರಿಗೆ ಅನಿಸಿತು. ಮೂರು ದಿನದಿಂದ ಅವರು ಆ ಕಡೆ ಬಂದಿರಲಿಲ್ಲವೆಂಬುದು ಸಣ್ಣ ವಿಷಯ. ಕಲ್ಲಿಗೆ ಮೂರೆಳೆ ವಿಭೂತಿ ಬಳಿದು, ಸಂಘದ ವಾಟ್ಸಾಪ್ ಗುಂಪಿಗೆ "ಉದ್ಭವ" ಎಂಬ ಒಂದೇ ಪದ ಹಾಕಿದರು.

ಮಧ್ಯಾಹ್ನ ಆಟೋ ಬಂದಾಗ ಮರದಡಿ ಊದುಬತ್ತಿ ಉರಿಯುತ್ತಿತ್ತು, ಹತ್ತು ಜನ ಕೈಮುಗಿದಿದ್ದರು. ಆಟೋದಿಂದ ಇಳಿದ ದೊಡ್ಡಮಲ್ಲಮ್ಮ ಪವಿತ್ರಳ ಮುಖ ನೋಡಿದಳು.

"ನಾ ಹೇಳನ ಅಂತಿದ್ದೆ ದೊಡ್ಡವ್ವ" ಎಂದಳು ಪವಿತ್ರ, ದನಿ ತಗ್ಗಿಸಿ. "ಆದ್ರೆ ಬೆಳಗ್ಗಿಂದ ನಮ್ಮ ಗೇಟ್ ಮುಂದೆ ಒಬ್ರೂ ಕಸ ಹಾಕಿಲ್ಲ."

"ಜನ ಊಟುಕ್ ಓಗ್ಲಿ, ಎತ್ತುಬುಡನ ಸುಮ್ಕಿರವ್ವ" ಎಂದ ಮಂಟೇಸ್ವಾಮಿ.

"ಥೂ, ವಿಭೂತಿ ಇಕ್ಕವ್ರಲ್ಲೋ. ಅದರ ಮ್ಯಾಲೆ ಬೆಳ್ಳುಳ್ಳಿ ಅರೆಯಕಾದದಾ?"

ಆಟೋ ಖಾಲಿ ವಾಪಸಾಯಿತು. ಖಾಲಿ ಎನ್ನುವಂತಿಲ್ಲ, ಹಿಂದೆ ದೊಡ್ಡಮಲ್ಲಮ್ಮ ಕುಳಿತಿದ್ದಳು.

ಆಮೇಲೆ ಪ್ರತಿ ಸೋಮವಾರ ಅವಳು ಚಾಮರಾಜನಗರಕ್ಕೆ ಹೋಗತೊಡಗಿದಳು. ಕಲ್ಲಿಗೆ ಕೈಮುಗಿದು, ಎದುರಿನ ಕಟ್ಟೆಯ ಮೇಲೆ ಅರ್ಧಗಂಟೆ ಅದನ್ನೇ ನೋಡುತ್ತ ಕೂರುವಳು. ಎಷ್ಟು ಅಕ್ಕಿ ಹಿಡಿಸೀತು, ಕುಳಿ ಎಷ್ಟು ಸವೆದಿದೆ ಎಂದು ಕಣ್ಣಲ್ಲೇ ಅಳೆಯುವಳು. ಅಷ್ಟರಲ್ಲಿ ಕಲ್ಲಿಗೆ ಒಂದು ಗುಡಿ ಎದ್ದಿತ್ತು. ಒಬ್ಬರ ಮನೆಯ ಹಳೆಯ ಶೀಟು, ಇನ್ನೊಬ್ಬರು ಕಿತ್ತುಹಾಕಿದ ಕಿಟಕಿ ಗ್ರಿಲ್ಲು, ಮತ್ತಾರದೋ ಮದುವೆಯಲ್ಲಿ ಉಳಿದ ಕಾರ್ಪೆಟ್ಟು. ಊರಿಗೆ ಬೇಡವಾದದ್ದೆಲ್ಲ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. "ಆ ಶೀಟಲ್ಲಿ ಎಂತಾ ಸಂಡಿಗೆ ಒಣಗ್ತಿತ್ತು" ಎಂದು ನನ್ನ ಹೆಂಡತಿಯ ಹತ್ತಿರ ಹೇಳಿ ನಿಟ್ಟುಸಿರಿಟ್ಟಳು. ಶಿವರುದ್ರಸ್ವಾಮಿಗಳಿಗೋ ಈಕೆ ದೊಡ್ಡ ಪುರಾವೆ. "ಗುಂಡ್ಲುಪೇಟೆಯಿಂದ ಭಕ್ತರು ಬರ್ತಿದ್ದಾರೆ ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುವರು. ಗುಂಡ್ಲುಪೇಟೆಯಿಂದ ಬರುತ್ತಿದ್ದ ಭಕ್ತರು ಒಟ್ಟು ಒಬ್ಬರು.

ಕಾರ್ತಿಕದ ಕೊನೆಯ ಸೋಮವಾರ ಪಂಚಾಮೃತ ಅಭಿಷೇಕ. ಶಿವರುದ್ರಸ್ವಾಮಿಗಳು ಮಡಿ ಪಂಚೆಯುಟ್ಟು ತಾವೇ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಸುರಿದರು. ಭಕ್ತಿ ಹೆಚ್ಚಾಗಿ ಒಂದು ಚಿಪ್ಪು ಬಾಳೆಹಣ್ಣನ್ನೂ ಹೆಚ್ಚಿ ಹಾಕಿದರು. ಹಣ್ಣು ಗುಂಡಿನ ಸುತ್ತ ಕುಳಿಯಲ್ಲಿ ಸಿಕ್ಕಿಕೊಂಡಿತು. ನೊಣ ಬಂದವು.

"ದೊಡ್ಡಮಲ್ಲಮ್ಮನೋರೆ, ನೀವೇ ಸ್ವಲ್ಪ ಬಿಡಿಸಿಕೊಡಿ" ಎಂದರು ಅವರು. "ದೂರದಿಂದ ಬಂದಿದ್ದೀರಿ, ಸೇವೆ ಆಗ್ಲಿ."

ಅವಳು ಸೆರಗು ಸಿಕ್ಕಿಸಿ ಕುಳಿತಳು. ಎಡಗೈಯಿಂದ ಹಣ್ಣನ್ನು ಒಳಕ್ಕೆ ತಳ್ಳಿದಳು. ಬಲಗೈ ಗುಂಡಿನ ನೆತ್ತಿಯ ಮೇಲೆ ಹೋಯಿತು. ಬೇಕೆಂದು ಮಾಡಿದಳೋ, ಕೈ ತಾನೇ ಮಾಡಿತೋ, ಗುಂಡು ಒಂದು ಸುತ್ತು ತಿರುಗಿತು.

ಗರ್ರ್ ಎಂದಿತು.

ದೊಡ್ಡಮಲ್ಲಮ್ಮ ಕೈ ತೆಗೆಯಲಿಲ್ಲ. ಪವಿತ್ರ ಕಣ್ಣು ಮುಚ್ಚಿಕೊಂಡಳು, ಇನ್ನೇನು ಬೈಗುಳ ಬೀಳುತ್ತದೆಂದು.

ಶಿವರುದ್ರಸ್ವಾಮಿಗಳು ನಿಧಾನಕ್ಕೆ ಕಾರ್ಪೆಟ್ಟಿನ ಮೇಲೆ ಕುಳಿತರು. ಅವರು ಚಂದಕವಾಡಿಯವರು, ಕಚೇರಿ ಸೇರಿದ ಮೇಲೆ ಊರಿನ ಮಾತನ್ನು ಬಿಟ್ಟವರು.

"ಇದು... ಒಳ್ಕಲ್ಲು ಕಣ" ಎಂದರು, ಅವಳಿಗಷ್ಟೇ ಕೇಳುವಂತೆ.

"ಊ ಸ್ವಾಮಿ."

"ನಿಮ್ಗೆ ಗೊತ್ತಿತ್ತಾ?"

"ಉಜ್ಜಿ ತೊಳ್ದು ಅರಿಸಿನ ಕುಂಕುಮ ಇಕ್ಕಿದ್ದೇ ನಾನು. ನಮ್ಮನೇಗ್ ತಕಂಡೋಗಕೆ."

ಅವರು ಸುತ್ತ ನಿಂತವರನ್ನೊಮ್ಮೆ, ಶೀಟನ್ನೊಮ್ಮೆ ನೋಡಿದರು. "ತಗೊಂಡೋಗಿ ಬುಡಿ. ಜನಕ್ಕೆ ನಾ ಯೋಳ್ತೀನಿ."

"ಏನಂತ ಯೋಳೀರಿ?"

ಮೂವತ್ತು ವರ್ಷ ಟಿಪ್ಪಣಿ ಬರೆದ ಅವರ ಕೈ ಇಲ್ಲದ ಜೇಬಿನಲ್ಲಿ ಪೆನ್ನು ಹುಡುಕಿತು.

"ಇರ್ಲಿ ಬುಡಿ ಸ್ವಾಮಿ" ಎಂದಳು ದೊಡ್ಡಮಲ್ಲಮ್ಮ. "ಇಷ್ಟು ಜನ ಕೈಮುಗ್ದವ್ರೆ. ನನ್ ಕೈ ಇನ್ನು ಇದಕ್ಕೆ ಮೆಣಸಿನಕಾಯಿ ಆಕಕೆ ಬರಕಿಲ್ಲ."

ಏಳಲು ಹೊರಟಳು. ಅವರು ಕೈಯಾಡಿಸಿ ತಡೆದರು. ಮಡಿ ಪಂಚೆಯ ಅಂಚಿಗೆ ಮೊಸರು ಹತ್ತಿದ್ದು ಅವರಿಗೆ ಗೊತ್ತಾಗಿರಲಿಲ್ಲ.

"ನಮ್ಮವ್ವ ಬೆಳಗಿನ್ ಜಾವ ರುಬ್ಬೋಳು. ನಂಗೆ ಅದೇ ಅಲಾರಾಂ" ಎಂದರು. "ಇನ್ನೊಂದ್ ಸುತ್ತು ತಿರುಗ್ಸವ್ವ."

ಅವಳು ತಿರುಗಿಸಿದಳು. ಹಣ್ಣು ಮುಗಿದು, ಬರೀ ಕಲ್ಲಿಗೆ ಕಲ್ಲು ತಾಗುವವರೆಗೆ ತಿರುಗಿಸಿದಳು. ಆಮೇಲೂ ಸ್ವಲ್ಪ ಹೊತ್ತು.