ಆಸ್ತಿ ಮೌಲ್ಯಮಾಪಕಿಯಾಗಿ ನನ್ನ ಅನುಮೋದನೆ ಹಾಗೂ ಒಂದು ಕಪ್ ಚಹಾದ ಕುರಿತು

ಮಾನ್ಯ ಓದುಗರಲ್ಲಿ,

ಮೊಟ್ಟಮೊದಲು ಕ್ಷಮೆ ಕೋರುತ್ತೇನೆ. ಇದನ್ನು ಕೈಯಿಂದ ಬರೆದಿದ್ದು, ಅಕ್ಷರಗಳು ಸಾಲು ಬಿಟ್ಟು ಇಳಿದಿರುವುದು ನನ್ನ ಗಮನಕ್ಕೂ ಬಂದಿದೆ. ನನ್ನ ಮನೆಯ ಮಾತು ಉರ್ದು. ಕನ್ನಡವನ್ನು ಶಹಾಪುರದ ಶಾಲೆಯಲ್ಲಿ ಕಲಿತೆ, ಆಮೇಲೆ ಅರ್ಜಿಗಳಲ್ಲಿ ಬಳಸಿದೆ. ಆದ್ದರಿಂದ ಮಹಾಪ್ರಾಣ ಇರಬೇಕಾದ ಕಡೆ ಇಲ್ಲದಿರಬಹುದು, ಬೇಡವಾದ ಕಡೆ ಇರಬಹುದು. ಅರ್ಜಿಯ ಹೊರತು ಬೇರೇನನ್ನೂ ಬರೆದು ರೂಢಿಯಿಲ್ಲದ ಕಾರಣ ಈ ನೆನಪನ್ನೂ ಅದೇ ಧಾಟಿಯಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಸಿವಿಲ್ ಡಿಪ್ಲೊಮಾ ಮುಗಿಸಿ, ಶಹಾಪುರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಮನೆಯ ನಕ್ಷೆಗಳನ್ನು ಬಿಡಿಸಿಕೊಡುತ್ತಿದ್ದೆ. ನನ್ನ ಅಬ್ಬಾ ಮನೆ ಕಟ್ಟುವ ಗೌಂಡಿ ಕೆಲಸದವರು. ನನ್ನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, ಮೆಟ್ಟಿಲು ಮರೆತಿದ್ದೀಯ ಎನ್ನುತ್ತಿದ್ದರು. ಹೆಚ್ಚಿನ ಸಲ ಅವರ ಮಾತು ನಿಜವಾಗಿರುತ್ತಿತ್ತು. ಈಚೆಗೆ ಜನ ಮೊಬೈಲಿನಲ್ಲಿಯೇ ನಕ್ಷೆ ಹುಡುಕಿಕೊಳ್ಳತೊಡಗಿದ್ದರಿಂದ ನನ್ನ ಕೋಣೆಗೆ ಬರುವವರು ಕಡಿಮೆಯಾಗಿ, ಕೊನೆಗೆ ನಾನೊಬ್ಬಳೇ ಬಂದು ಹೋಗುವಂತಾಗಿತ್ತು.

ಅಂಥ ಸಮಯದಲ್ಲಿ ಒಂದು ಪ್ರಕಟಣೆ ಬಂತು. ಆಸ್ತಿ ತೆರಿಗೆಗಾಗಿ ಮನೆಗಳನ್ನು ಅಳೆದು ಬೆಲೆ ಗೊತ್ತುಪಡಿಸುವ ಕೆಲಸವನ್ನು ಖಾಸಗಿಯವರಿಗೆ ಗುತ್ತಿಗೆ ಕೊಡಲಾಗುವುದು. ಆಸಕ್ತರು ಸರ್ಕಾರದ ಅನುಮೋದನೆ ಪಡೆಯತಕ್ಕದ್ದು. ನಾನು ಅರ್ಜಿ ಹಾಕಿದೆ. ಕಚೇರಿಯ ಇಂಜಿನಿಯರ್ ಮೊದಲೇ ಅಳೆದಿಟ್ಟ ಒಂದು ಮನೆಯನ್ನು ಅರ್ಜಿದಾರರು ತಾವೇ ಹೊಸದಾಗಿ ಅಳೆಯಬೇಕು. ಎರಡೂ ಲೆಕ್ಕ ಹೊಂದಿಕೆಯಾಗಬೇಕು. ಅಳತೆ ತಮ್ಮ ಎದುರಿನಲ್ಲಿ ನಡೆಯಿತೆಂದು ಮನೆಯ ಮಾಲೀಕರು ಸಹಿ ಮಾಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಹೆಸರು ಪಟ್ಟಿಗೆ ಸೇರುವುದಿಲ್ಲ. ಮುಂದಿನ ಪಟ್ಟಿಯ ಹೊತ್ತಿಗೆ ಎಲ್ಲ ವಾರ್ಡುಗಳೂ ಬೇರೆಯವರ ಪಾಲಾಗಿರುತ್ತವೆ. ನನ್ನ ಕೋಣೆಯ ಬಾಗಿಲು ತೆರೆದಿರುವುದೋ ಮುಚ್ಚುವುದೋ ಎಂಬುದು ಈ ಒಂದು ಮನೆಯ ಮೇಲೆ ನಿಂತಿತ್ತು.

ಅರ್ಜಿಯೊಂದಿಗೆ ಸೂಚನೆಗಳ ಒಂದು ಹಾಳೆಯನ್ನೂ ಕೊಟ್ಟಿದ್ದರು. ಅದನ್ನು ನಾನು ಬಾಯಿಪಾಠ ಮಾಡಿದ್ದೆ. ‘ಮಾಲೀಕರಿಂದ ಯಾವುದೇ ತಿಂಡಿ, ಪಾನೀಯ, ಉಡುಗೊರೆ ಸ್ವೀಕರಿಸತಕ್ಕದ್ದಲ್ಲ’ ಎಂಬ ಸಾಲಿನ ಕೆಳಗೆ ಕೆಂಪು ಪೆನ್ನಿನಿಂದ ಗೆರೆಯನ್ನೂ ಎಳೆದಿದ್ದೆ.

ನನಗೆ ಬಂದದ್ದು ಸುರಪುರದ ಗುಡ್ಡದ ಬುಡದ ಒಂದು ಮನೆ. ಮೇಲ್ವಿಚಾರಣೆಗೆ ಕಂದಾಯ ನಿರೀಕ್ಷಕರೊಬ್ಬರು ಬಂದಿದ್ದರು. ಮನೆಯ ಒಡತಿ ಶಾಲೆಯ ಬಿಸಿಯೂಟದ ಅಡುಗೆ ಕೆಲಸದಿಂದ ನಿವೃತ್ತರಾದ ವಯಸ್ಸಾದ ಹೆಂಗಸು. ಪಡಸಾಲೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಂದು ಕಬ್ಬಿಣದ ಕುರ್ಚಿ. ಆದರೆ ಆಕೆ ಕುರ್ಚಿ ಬಿಟ್ಟು, ಒಳಬಾಗಿಲಿನ ಪರದೆಗೆ ಬೆನ್ನು ಕೊಟ್ಟು, ಹೊಸ್ತಿಲ ಮೇಲೆಯೇ ಕುಳಿತಿದ್ದರು.

“ಹಿಂದ ಏನದ ಆಯಿ?” ಎಂದು ಕೇಳಿದೆ.

“ಗುಡ್ಡ ಅದ.”

“ಗುಡ್ಡಕ್ಕಿಂತ ಮೊದಲು?”

“ಗುಡ್ಡಕ್ಕಿಂತ ಮೊದಲು ಗುಡ್ಡದ ಕಲ್ಲು ಅದ. ಅಳೀಬೇಕಂದ್ರ ಮ್ಯಾಲ ಹತ್ತವಾ, ಕ್ವಾಟಿ ತನಕಾ ಅಳಕೋತ ಹೋಗು.”

ಗುಡ್ಡದ ಮೇಲಿನ ಕೋಟೆಯ ಮಾತು ಕೇಳಿ ನಿರೀಕ್ಷಕರು ನಕ್ಕರು. ಎರಡೂ ಬದಿಯಲ್ಲಿ ನೆರೆಮನೆಗಳ ಗೋಡೆ ಅಂಟಿಕೊಂಡಿದ್ದರಿಂದ ಸುತ್ತು ಹಾಕಿ ನೋಡಲು ದಾರಿಯಿರಲಿಲ್ಲ. ಪಡಸಾಲೆ ಮತ್ತು ಪಕ್ಕದ ಕೋಣೆಯನ್ನು ಅಳೆದು, ಮೊಳಗಟ್ಟಲೆ ದಪ್ಪವಿದ್ದ ಕಲ್ಲಿನ ಗೋಡೆಯನ್ನೂ ಲೆಕ್ಕಕ್ಕೆ ಸೇರಿಸಿ, ಎರಡು ಬಾರಿ ಕೂಡಿಸಿ, ಸಹಿಗಾಗಿ ಹಾಳೆಯನ್ನು ಮುಂದಿಟ್ಟೆ.

“ಮಾಡ್ತೀನಿ. ಮೊದಲು ಚಹಾ ಕುಡಿ.”

“ಬ್ಯಾಡ್ರಿ ಆಯಿ.”

“ಸಕ್ರಿ ಬ್ಯಾಡೋ, ಚಹಾ ಬ್ಯಾಡೋ?”

“ಚಹಾನೇ ಬ್ಯಾಡ್ರಿ. ಕುಡೀಬಾರದಂತ ರೂಲ್ ಅದ.” ಹಾಳೆಯಲ್ಲಿದ್ದ ಕೆಂಪು ಗೆರೆಯನ್ನು ತೋರಿಸಿದೆ.

ಆಕೆ ಹಾಳೆಯನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ಮೆಲ್ಲಗೆ ಹೇಳಿದರು: “ನಮ್ಮ ಮನ್ಯಾಗ ಕುಡಿಯಲಾರದ ಮಂದೀನ ಭಾಳ ನೋಡೀನವಾ. ಅವರದೂ ರೂಲ್ ಇತ್ತು. ಬರದಿಟ್ಟಿದ್ದಿಲ್ಲ, ಅಷ್ಟ.”

ನಾನು ತಡವರಿಸಿದೆ. ಇದು ಹಾಗಲ್ಲ, ಇದು ಎಲ್ಲ ಮನೆಗಳಿಗೂ ಅನ್ವಯವಾಗುವ ಸೂಚನೆ, ಮಾಲೀಕರು ಯಾರೇ ಇರಲಿ ಎಂದು ವಿವರಿಸಿದೆ. ನನ್ನ ವಿವರಣೆಯಲ್ಲಿ ಒಂದೂ ತಪ್ಪಿರಲಿಲ್ಲ. ಆದರೂ ಹೇಳುತ್ತ ಹೋದಂತೆ ನನ್ನ ಕಿವಿ ಬಿಸಿಯಾಯಿತು.

“ಹೌದ್ರಿ ಆಯಿ, ಎಲ್ಲರ ಮನಿಗೂ ಹಂಗ ಅದ,” ಎಂದು ನಿರೀಕ್ಷಕರೂ ಸಹಾಯಕ್ಕೆ ಬಂದರು.

“ಹಂಗಾರ ಸಾಹೇಬ್ರ, ಬರೂಮುಂದ ಆಚಿ ಓಣ್ಯಾಗ ದೊಡ್ಡ ಮನಿ ಕಟ್ಟಿ ಮ್ಯಾಲ ಕುಂತು ಕುಡದ್ರಲ್ಲ, ಅದೇನು ಔಷಧೇನ್ರಿ?”

ನಿರೀಕ್ಷಕರು ಮೊಬೈಲ್ ತೆಗೆದು ಏನೋ ತುರ್ತಾಗಿ ಓದತೊಡಗಿದರು.

ಪೆನ್ನು ಆಕೆಯ ಕೈಯಲ್ಲಿಯೇ ಇತ್ತು. ಸಹಿಯ ಜಾಗ ಖಾಲಿಯಿತ್ತು. ಕುಡಿದರೆ ಸೂಚನೆ ಮುರಿದಂತೆ, ಕುಡಿಯದಿದ್ದರೆ ಸಹಿಯಿಲ್ಲ. ಆದರೆ ಸತ್ಯ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನಾನು ಸಹಿಯ ಬಗ್ಗೆ ಯೋಚಿಸಲಿಲ್ಲ. ನನ್ನ ಬಗ್ಗೆ ಆಕೆ ಏನು ತಿಳಿದುಕೊಂಡುಬಿಡುತ್ತಾರೆ ಎಂಬುದೇ ತಲೆಯಲ್ಲಿ ಕುಳಿತುಬಿಟ್ಟಿತು.

“ಕುಡೀತೀನಿ ಆಯಿ. ಇಲ್ಲೇ ತರ್ರಿ,” ಎಂದೆ.

“ಹೊರಗ ಕುಂತು ಕುಡಿಯೂದು ನಮ್ಮ ಅಪ್ಪನ ಕಾಲಕ್ಕ ಸಾಕಾತು. ಒಳಗ ಬಾ.”

ಹೀಗೆಂದು ಎದ್ದು ಪರದೆಯನ್ನು ಎತ್ತಿದರು. ಎತ್ತಿದ ಮೇಲೆ ತಾವು ಏನು ಮಾಡುತ್ತಿದ್ದೇವೆಂದು ನೆನಪಾಯಿತೋ ಏನೋ, ಪರದೆಯನ್ನು ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತರು. ನಂತರ ಸರಿದು ದಾರಿ ಬಿಟ್ಟರು.

ಒಳಗೆ ಅಡುಗೆ ಮನೆ ಇತ್ತು. ಮೇಲೆ ತಗಡು, ಕೆಳಗೆ ನುಣ್ಣನೆಯ ಫರಸಿ ಕಲ್ಲಿನ ಹಾಸು, ಮೂರು ಕಡೆ ಗೋಡೆ. ನಾಲ್ಕನೆಯ ಕಡೆ ಸಾಕ್ಷಾತ್ ಗುಡ್ಡದ ಕಲ್ಲು. ಆ ಕಲ್ಲಿನ ಒಂದು ಗೂಡಿನಲ್ಲಿ ಖಾರದ ಡಬ್ಬಿ, ಇನ್ನೊಂದರಲ್ಲಿ ಕಪ್ಪುಗಳು. ಗುಡ್ಡವು ಇಷ್ಟು ಅಚ್ಚುಕಟ್ಟಾಗಿ ಸಂಸಾರಕ್ಕೆ ಒದಗಿಬಂದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಫರಸಿಯ ಮೇಲೆ ಕುಳಿತು ಚಹಾ ಕುಡಿದೆ. ಶುಂಠಿ ಹೆಚ್ಚಾಗಿತ್ತು, ಚೆನ್ನಾಗಿತ್ತು. ನಿರೀಕ್ಷಕರೂ ಒಳಗೆ ಬಂದು, ಸಕ್ಕರೆ ಇಲ್ಲದೆ ಒಂದು ಕಪ್ ಕೊಡಿರೆಂದು ತಾವಾಗಿಯೇ ಕೇಳಿದರು.

ಕಪ್ ಕೆಳಗಿಟ್ಟಾಗ ನನ್ನ ಕಣ್ಣು ತಗಡಿನ ಈ ಮೂಲೆಯಿಂದ ಆ ಮೂಲೆಗೆ ತಾನಾಗಿಯೇ ಹೋಯಿತು. ಆಕೆ ಅದನ್ನು ಗಮನಿಸಿದರು.

“ಅಳಿ, ಅಳಿ. ಕುಡದ ಮ್ಯಾಲ ಏನು ಮುಚ್ಚಿಡೂದು.”

“ಟ್ಯಾಕ್ಸ್ ಹೆಚ್ಚಾಗ್ತದ ಆಯಿ.”

“ಚಹಾ ಕುಡಿಸಿ ಟ್ಯಾಕ್ಸ್ ಕಟ್ಟಾಕಿ ಈ ಊರಾಗ ನಾ ಒಬ್ಬಾಕೀನ ಇರಬೇಕು,” ಎಂದು ನಗುತ್ತ ಟೇಪಿನ ತುದಿಯನ್ನು ತಾವೇ ಹಿಡಿದರು.

ನಮೂನೆಯಲ್ಲಿ ಗೋಡೆಯ ವಿಧ ಕೇಳಿತ್ತು: ಇಟ್ಟಿಗೆ, ಕಲ್ಲು, ಮಣ್ಣು. ಕಲ್ಲು ಎಂಬುದಕ್ಕೆ ಗುರುತು ಹಾಕಿದೆ. ಅದನ್ನು ಯಾರು ಕಟ್ಟಿಸಿದರೆಂದು ಪುಣ್ಯಕ್ಕೆ ಕೇಳಿರಲಿಲ್ಲ. ಆಕೆ ಸಹಿ ಮಾಡಿದರು. ಕೊನೆಯಲ್ಲಿ ‘ಷರಾ’ ಎಂಬ ಕಲಂ ಇತ್ತು. ಅದರಲ್ಲಿ ನಾನು ‘ಮಾಲೀಕರಿಂದ ಚಹಾ ಸ್ವೀಕರಿಸಲಾಗಿದೆ’ ಎಂದು ಬರೆಯತೊಡಗಿದಾಗ ನಿರೀಕ್ಷಕರು ಗಾಬರಿಯಾದರು.

“ಮೇಡಂ, ಅದನ್ಯಾಕ ಬರೀಲಿಕತ್ತೀರಿ? ನಾ ಏನೂ ನೋಡಿಲ್ಲ.”

“ನೀವೂ ಕುಡದೀರಲ್ರಿ ಸರ.”

“ಅದಕ್ಕ ಹೇಳ್ಲಿಕತ್ತೀನಿ.” ದನಿ ತಗ್ಗಿಸಿದರು. “ಬರೀಲೇಬೇಕಂದ್ರ ಒಂದು ಕಪ್ ಅಂತ ಬರೀರಿ.”

ಒಂದು ಕಪ್ ಎಂದೇ ಬರೆದೆ. ಈ ಬಗ್ಗೆ ನಿರೀಕ್ಷಕರಿಗೆ ನನ್ನಿಂದ ಯಾವುದೇ ತೊಂದರೆಯಾಗಬಾರದೆಂದು ಅವರ ಹೆಸರನ್ನು ಇಲ್ಲಿಯೂ ಬರೆದಿಲ್ಲ.

ಮನೆಗೆ ಬಂದು ನಡೆದದ್ದನ್ನು ಅಬ್ಬಾಗೆ ತಿಳಿಸಿದೆ. ಅನುಮೋದನೆ ಇನ್ನು ಸಿಗಲಾರದೆಂದು ಅಳುವುದರಲ್ಲಿದ್ದೆ. ಅವರು ಎಲ್ಲವನ್ನೂ ಕೇಳಿ, ಗುಡ್ಡದ ಕಲ್ಲಿಗೂ ತಗಡಿಗೂ ನಡುವೆ ಮಳೆನೀರು ಇಳಿಯದಂತೆ ಏನು ಮೆತ್ತಿದ್ದಾರೆ ಎಂದು ವಿಚಾರಿಸಿದರು. ನಾನು ಅದನ್ನು ನೋಡಿರಲಿಲ್ಲ. “ಮತ್ತೇನು ನೋಡಿಬಂದೆ?” ಎಂದರು.

ಕೆಲವು ವಾರಗಳ ನಂತರ ಯಾದಗಿರಿಯ ಕಚೇರಿಯಿಂದ ಪತ್ರ ಬಂತು. ಎರಡು ಆಕ್ಷೇಪಣೆಗಳಿದ್ದವು. ನನ್ನ ಅಳತೆ ಕಚೇರಿಯ ಅಳತೆಗಿಂತ ಒಂದು ಕೋಣೆಯಷ್ಟು ಹೆಚ್ಚಾಗಿದೆ. ಸೂಚನೆಗೆ ವಿರುದ್ಧವಾಗಿ ಚಹಾ ಸೇವಿಸಲಾಗಿದೆ. ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು.

ಹಾಜರಾದೆ. ಅಧಿಕಾರಿಗಳ ಮೇಜಿನ ಮೇಲೆ ಎರಡೂ ನಕ್ಷೆಗಳನ್ನು ಪಕ್ಕಪಕ್ಕದಲ್ಲಿ ಇಡಲಾಗಿತ್ತು.

“ಅಲ್ರಿ ಮೇಡಂ, ನಮ್ಮ ಇಂಜಿನಿಯರ್ ಹೋದಾಗ ಇಲ್ಲದ ಅಡಗಿ ಮನಿ, ನೀವು ಹೋಗೂದ್ರಾಗ ಎಲ್ಲಿಂದ ಬಂತು?”

ಉತ್ತರವನ್ನು ಮೂರು ಪುಟ ಬರೆದು ತಂದಿದ್ದೆ. ಆದರೆ ಹೆದರಿಕೆಯಿಂದ ಬಾಯಿಗೆ ಬಂದದ್ದು ಒಂದೇ ಸಾಲು: “ಅವರು ಚಹಾ ಕುಡದಿದ್ದಿಲ್ರಿ ಸರ.”

ಅಧಿಕಾರಿಗಳು ನನ್ನನ್ನು ನೋಡಿದರು, ಬಾಗಿಲ ಬಳಿ ನಿಂತಿದ್ದ ನಿರೀಕ್ಷಕರನ್ನು ನೋಡಿದರು. “ನೀವು ಸಂಗಡ ಇದ್ರಿ. ಕೋಣಿ ಅದ ಏನು?”

“ಅದ ರೀ ಸರ. ಒಂದು ಗ್ವಾಡಿ ಗುಡ್ಡದ್ದು.”

“ನೀವು ಹ್ಯಾಂಗ ನೋಡಿದ್ರಿ?”

ನಿರೀಕ್ಷಕರು ಫ್ಯಾನಿನ ಕಡೆ ನೋಡಿದರು. ಅಧಿಕಾರಿಗಳು ಮುಂದೆ ಕೇಳಲಿಲ್ಲ. ನನ್ನ ಮೂರು ಪುಟಗಳನ್ನು ಪೂರ್ತಿಯಾಗಿ ಓದಿದರು. ಬರೆದಿಡದ ರೂಲಿನ ಬಗ್ಗೆ ಆಯಿ ಅಂದ ಮಾತನ್ನು ನಾನು ಅದರಲ್ಲಿ ಹಾಗೆಯೇ ಬರೆದಿದ್ದೆ. ಅಲ್ಲಿಗೆ ಬಂದಾಗ ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಆ ಸಾಲನ್ನು ಇನ್ನೊಮ್ಮೆ ಓದಿದಂತೆ ಕಂಡಿತು. ಆಮೇಲೆ ಹೋಗಿ ಬನ್ನಿ ಎಂದರು.

ಆದೇಶ ಅಂಚೆಯಲ್ಲಿ ಬಂತು. ‘ಸದರಿ ಅರ್ಜಿದಾರರ ಅಳತೆಯು ಮರುಪರಿಶೀಲನೆಯಲ್ಲಿ ಸರಿಯೆಂದು ಕಂಡುಬಂದಿರುತ್ತದೆ. ಚಹಾ ಸೇವಿಸಿದ್ದಕ್ಕಾಗಿ ಎಚ್ಚರಿಕೆ ನೀಡಿ, ಮೌಲ್ಯಮಾಪಕರ ಪಟ್ಟಿಗೆ ಸೇರಿಸಿ ಆದೇಶಿಸಲಾಗಿದೆ.’ ಎಚ್ಚರಿಕೆ ಹಾಗೂ ಅನುಮೋದನೆ ಒಂದೇ ವಾಕ್ಯದಲ್ಲಿದ್ದುದರಿಂದ, ಯಾವುದಕ್ಕೆ ಹೆಚ್ಚು ಹೆದರಬೇಕೆಂದು ತಿಳಿಯದೆ ಅದನ್ನು ಹಲವು ಬಾರಿ ಓದಿದೆ.

ಆದರೆ ಆಕೆಗೆ ಹೆಚ್ಚಿನ ತೆರಿಗೆ ಬೀಳುವುದೆಂಬ ಸಂಕಟ ನನ್ನನ್ನು ಬಿಡಲಿಲ್ಲ. ಸುರಪುರಕ್ಕೆ ಹೋಗಿ ಬಾಗಿಲಲ್ಲಿಯೇ ನಿಂತು ವಿಷಯ ತಿಳಿಸಿ, ತಪ್ಪಾಯಿತು ಎಂದೆ.

“ತಪ್ಪು ಯಾಕ? ಸಾಲಿ ಮಕ್ಕಳಿಗೆಲ್ಲ ಅಡಗಿ ಮಾಡಿ ಹಾಕಿದಾಕಿ ನಾ. ಕಾಗದದಾಗ ನೋಡಿದ್ರ ನನಗ ಅಡಗಿ ಮನೀನ ಇದ್ದಿಲ್ಲ,” ಎಂದರು ಆಕೆ. “ಈಗ ಬಂತೇನು ಕಾಗದದಾಗ?”

“ಬಂತ್ರಿ ಆಯಿ.”

“ಎಲ್ಲಿ, ತೋರ್ಸು.”

ನಕ್ಷೆ ಬಿಚ್ಚಿ, ಆ ಚೌಕದ ಮೇಲೆ ಬೆರಳಿಟ್ಟೆ. ಆಕೆ ಹತ್ತಿರ ಹಿಡಿದು ನೋಡಿ, ಒಲೆಯನ್ನು ಯಾಕೆ ಬಿಡಿಸಿಲ್ಲ ಎಂದು ಕೇಳಿದರು. ನಿಯಮದಲ್ಲಿ ಅವಕಾಶವಿಲ್ಲದಿದ್ದರೂ ಆಕೆಯ ಪ್ರತಿಯಲ್ಲಿ ಪೆನ್ಸಿಲಿನಿಂದ ಬಿಡಿಸಿಕೊಟ್ಟೆ.

ಇದಿಷ್ಟು ನನ್ನ ನಿವೇದನೆ. ಇದರಲ್ಲಿ ಅಕ್ಷರ ದೋಷವಾಗಲಿ, ವಾಕ್ಯ ದೋಷವಾಗಲಿ, ಹೇಳಬಾರದ್ದನ್ನು ಹೇಳಿದ ದೋಷವಾಗಲಿ ಕಂಡುಬಂದಲ್ಲಿ, ತಾವು ದಯಮಾಡಿ ಕೆಂಪು ಪೆನ್ನಿನಿಂದಲೇ ತಿದ್ದಬೇಕಾಗಿ ವಿನಂತಿಸುತ್ತೇನೆ.