ನಡೆದು ನುಡಿಸುವವರ ಸಾಲಿನಲ್ಲಿ

ಹೆಂಡತಿಗೆ ಮೈಸೂರಿನ ಆಸ್ಪತ್ರೆಗೆ ವರ್ಗವಾದಾಗ ನಾವು ತಿಪಟೂರಿನ ಮನೆ ಖಾಲಿ ಮಾಡಿ ಜಯಲಕ್ಷ್ಮಿಪುರಂನ ಒಂದು ಔಟ್‌ಹೌಸಿಗೆ ಬಂದೆವು. ಅವಳ ನರ್ಸ್ ಕೆಲಸ ಅವಳ ಹಿಂದೆಯೇ ಬಂತು. ನನಗೂ ನಜರ್‌ಬಾದಿನ ಒಂದು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಮಡಿಸಿ, ಕವರಿಗೆ ಸೇರಿಸಿ, ನೂರರ ಕಟ್ಟು ಕಟ್ಟುವ ಕೆಲಸ ವಾರದೊಳಗೆ ಸಿಕ್ಕಿತು. ಸಿಗದೇ ಹೋದದ್ದು ಜೊತೆಗೆ ನುಡಿಸುವ ಜನ.

ಊರಿನಲ್ಲಿ ಇಪ್ಪತ್ತು ವರ್ಷ ಪೌರಾಣಿಕ ನಾಟಕಗಳಿಗೆ ಕ್ಲಾರಿಯೋನೆಟ್ ನುಡಿಸಿದ್ದೆ. ಹಾರ್ಮೋನಿಯಂ ಮೇಷ್ಟ್ರ ಎಡಕ್ಕೆ, ತಬಲದವನ ಎದುರಿಗೆ, ಜಮಖಾನದ ಮೇಲೆ ನನ್ನ ಜಾಗ. ಇಲ್ಲಿ ಗೋಡೆಯಾಚೆ ಮಾಲೀಕರ ಮೊಮ್ಮಗಳು ಪರೀಕ್ಷೆಗೆ ಓದುತ್ತಿದ್ದಳು. ಬೀರುವಿನ ಬಾಗಿಲು ತೆಗೆದು, ಹೆಂಡತಿಯ ಸೀರೆಗಳ ನಡುವೆ ವಾದ್ಯ ತೂರಿಸಿ, ದಿನಕ್ಕೆ ಹದಿನೈದು ನಿಮಿಷ ಊದುತ್ತಿದ್ದೆ. ಒಂದು ಸಾಲು ನುಡಿಸಿ ನಿಲ್ಲಿಸಿದರೆ ಉತ್ತರ ಕೊಡುವವರಿಲ್ಲ. ಬೆರಳುಗಳಂತೂ ಸುಮ್ಮನಿರುತ್ತಿರಲಿಲ್ಲ. ಪತ್ರಿಕೆಯ ಅಂಚಿನ ಮೇಲೆ, ಬಸ್ಸಿನ ಕಂಬಿಯ ಮೇಲೆ, ಊಟದ ತಟ್ಟೆಯ ಮೇಲೆ ಆಡುತ್ತಲೇ ಇದ್ದವು.

“ರೀ, ಆ ತಟ್ಟೇಲಿ ತೂತಿಲ್ಲ. ಮುಚ್ಚೋದು ಬಿಟ್ಟು ಊಟ ಮಾಡಿ,” ಎನ್ನುತ್ತಿದ್ದಳು ಹೆಂಡತಿ.

ಪಕ್ಕದ ರಸ್ತೆಯಲ್ಲಿ ಸಿನಿಮಾ ಹಾಡು ಹಾಡುವ ಒಂದು ತಂಡವಿದೆಯೆಂದು ಗೊತ್ತಾಗಿ ವಾದ್ಯ ಹಿಡಿದು ಹೋದೆ. ಕೀಬೋರ್ಡಿನ ಹುಡುಗಿ ಬಹಳ ಮರ್ಯಾದೆಯಿಂದ ಕೂರಿಸಿದಳು. “ನಿಮ್ಮ ವಾದ್ಯ ಈ ಬಟನ್‌ನಲ್ಲೇ ಬರುತ್ತೆ ಅಂಕಲ್, ಕೇಳಿ,” ಎಂದು ಒತ್ತಿ ತೋರಿಸಿದಳು. ಬಂತು. ನಡುವೆ ಒಮ್ಮೆಯೂ ಉಸಿರು ತೆಗೆದುಕೊಳ್ಳದೆ ಬಂತು. ಕಾಫಿ ಕುಡಿದು ವಾಪಸು ಬಂದೆ.

ಆಮೇಲೊಂದು ದಿನ ಪ್ರೆಸ್ಸಿಗೆ ವಿಸಿಟಿಂಗ್ ಕಾರ್ಡಿನ ಪ್ರೂಫ್ ನೋಡಲು ಮದುವೆ ಬ್ಯಾಂಡಿನ ಮಾಸ್ಟರು ಬಂದರು. ಟ್ರಂಪೆಟ್ ಊದುವವರು, ಕೆನ್ನೆ ನೋಡಿದರೇ ತಿಳಿಯುತ್ತಿತ್ತು. ಅವರ ಕಣ್ಣು ಪ್ರೂಫ್ ಬಿಟ್ಟು ನನ್ನ ಬೆರಳಿನ ಮೇಲೆ ನಿಂತಿತು.

“ಕ್ಲಾರಿಯೋನೆಟ್ಟಾ?”

ಹೌದೆಂದೆ.

“ನಮ್ಮೋನಿಗೆ ಮುಂದಿನ ಹಲ್ಲು ಹೋಗ್ಬುಡ್ತು ಕಣ್ರೀ. ಭಾನುವಾರ ಬೆಳಿಗ್ಗೆ ಬನ್ನಿಮಂಟಪದ ಹತ್ರ ಬಂದ್ಬುಡಿ. ಒಳ್ಳೆ ಶೂ ಹಾಕ್ಕೊಂಡು ಬನ್ನಿ.”

ಏನು ನುಡಿಸುತ್ತೀರಿ, ಎಷ್ಟು ವರ್ಷದಿಂದ ಎಂದು ಒಂದು ಮಾತೂ ಕೇಳಲಿಲ್ಲ. ಶೂ ಯಾಕೆಂದು ಭಾನುವಾರ ಗೊತ್ತಾಯಿತು. ಏಳು ಜನ ಎರಡು ಸಾಲಾಗಿ ನಿಂತಿದ್ದರು. ನಡೆಯುತ್ತ ನುಡಿಸಬೇಕು. ಎರಡನೇ ಹೆಜ್ಜೆಗೇ ವಾದ್ಯದ ಬಾಯಿ ನನ್ನ ಹಲ್ಲಿಗೆ ಬಡಿದು ಕೀಂ ಎಂದಿತು.

“ಏನಣ್ಣ, ಕೋಳಿ ಗೀಳಿ ತುಳುದ್ಬುಟ್ರಾ?” ಎಂದ ಹಿಂದಿದ್ದ ಸೈಡ್ ಡ್ರಮ್ಮಿನವನು. ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ಮಾರುವವನು, ನನ್ನದೇ ವಯಸ್ಸು.

ಮಾಸ್ಟರು ನಗಲಿಲ್ಲ. “ಮಂಡಿ ಸಡಿಲ ಬಿಡಿ. ತುಂಬಿದ ಕೊಡ ಹೊತ್ತೋರು ನಡೆಯಲ್ವಾ, ಹಂಗೆ. ಸೊಂಟದಿಂದ ಕೆಳಗೆ ನಡೀಬೇಕು, ಮೇಲಿಂದು ಕೂತಂಗಿರಬೇಕು.”

ನಾಲ್ಕು ಭಾನುವಾರ ಹಾಗೆ ನಡೆದೆ. ಉಳಿದ ದಿನ ಪ್ರೆಸ್ಸಿನಿಂದ ಮನೆಗೆ ಬಸ್ಸು ಹತ್ತದೆ, ಬಾಯಲ್ಲಿ ಪೆನ್ನಿಟ್ಟುಕೊಂಡು ನಡೆದೆ. ನಾಲ್ಕನೆಯ ವಾರ ಮಾಸ್ಟರು ಹೇಳಿದರು, “ಒಂದು ಮದುವೆ ನೋಡೋಣ. ಸರಿಹೋದ್ರೆ ಇರಿ. ಇಲ್ದಿದ್ರೆ ಬೇಜಾರು ಮಾಡ್ಕೋಬೇಡಿ.” ಇದೂ ತಪ್ಪಿದರೆ ಮತ್ತೆ ಬೀರುವೇ ಗತಿ.

ಮದುವೆಯ ದಿನ ಸಂಜೆ ಐದೂವರೆಗೆ ಗಂಡಿನ ಮೆರವಣಿಗೆ ಹೊರಟಿತು. ಹಲ್ಲು ಹೋದವನ ಕೆಂಪು ಕೋಟು ನನ್ನ ಮೈಮೇಲಿತ್ತು. ಮುಂದಿನ ಸಾಲಿನ ಬಲಗಡೆ ನಾನು. ಮಂಡಿ ಸಡಿಲ ಬಿಟ್ಟಿದ್ದೆ, ಹಲ್ಲಿಗೆ ಏಟು ಬೀಳಲಿಲ್ಲ. ಒಂದು ಹಾಡಿನ ಕೊನೆಯಲ್ಲಿ ಮಾಸ್ಟರು ಟ್ರಂಪೆಟ್ ಇಳಿಸಿ, ಇನ್ನು ನೀವು ಎನ್ನುವಂತೆ ತಲೆಯಾಡಿಸಿದರು. ಎಷ್ಟೋ ತಿಂಗಳ ಮೇಲೆ ನನ್ನ ಹಿಂದೆ ತಾಳವಿತ್ತು. ನುಡಿಸಿದೆ. ನಾಟಕದ ರೂಢಿ, ಕಣ್ಣು ತಾನಾಗಿ ಮುಚ್ಚಿಕೊಂಡಿತು.

ಡ್ರಮ್ಮಿನ ಸದ್ದು ಮೆಲ್ಲಗಾಗುತ್ತ ಹೋಯಿತು. ಊರಿನಲ್ಲಿ ನಾನು ಸ್ವರ ಎಳೆಯುವಾಗ ತಬಲದವನು ಕೈ ಹಗುರ ಮಾಡುತ್ತಿದ್ದ. ಇವರೂ ಹಾಗೇ ಮರ್ಯಾದೆ ಕೊಡುತ್ತಿದ್ದಾರೆ ಎಂದುಕೊಂಡೆ. ಖುಷಿಯಾಗಿ ಇನ್ನಷ್ಟು ಎಳೆದೆ. ಸದ್ದು ಇನ್ನೂ ಮೆಲ್ಲಗಾಯಿತು. ಆಟೋ ಒಂದು ಹಾರ್ನ್ ಹೊಡೆದಾಗ ಕಣ್ಣು ಬಿಟ್ಟರೆ ಎದುರಿಗೆ ಪೆಟ್ರೋಲ್ ಬಂಕು. ತಿರುಗಿದೆ. ಬ್ಯಾಂಡಿಲ್ಲ, ಗಂಡಿಲ್ಲ. ಕರವಸ್ತ್ರ ಬೀಸುತ್ತ ಕುಣಿಯುತ್ತಿದ್ದ ಗಂಡಿನ ಕಡೆಯ ಇಬ್ಬರು, ಅವರ ಹಿಂದೆ ಹಣ್ಣಿನ ತಟ್ಟೆ ಹಿಡಿದ ಒಬ್ಬ ಯಜಮಾನರು.

“ಛತ್ರ ಎಲ್ಲಪ್ಪಾ?” ಎಂದರು ಯಜಮಾನರು, ನನ್ನನ್ನು.

ಬ್ಯಾಂಡು ಹಿಂದಿನ ತಿರುವಿನಲ್ಲೇ ಎಡಕ್ಕೆ ಹೊರಳಿ ಛತ್ರ ಸೇರಿತ್ತು. ನಾಲ್ವರೂ ಓಡಿದೆವು. ದ್ರಾಕ್ಷಿ ಉದುರುತ್ತಿತ್ತು.

“ಓ, ಬಂದ್ರಾ!” ಗೇಟಿನಲ್ಲಿ ಡ್ರಮ್ಮಿನವನು ಕೈ ಮುಗಿದ. “ನಂಜನಗೂಡಿಗೇ ಓಗ್ಬುಟ್ರೇನೋ ಅಂದ್ಕೊಂಡೆ.”

ಎಲ್ಲರೂ ನಕ್ಕರು. ಅಡುಗೆಮನೆಯ ಹಿಂದೆ ಕಾಫಿ ಕೊಟ್ಟಾಗ ನಾನು ಕೋಟು ಬಿಚ್ಚಿ, ಮಡಿಸಿ, ಮಾಸ್ಟರ ಪಕ್ಕದ ಕುರ್ಚಿಯ ಮೇಲಿಟ್ಟೆ. ಅವರು ಕಾಫಿ ಮುಗಿಸುವವರೆಗೆ ಅದನ್ನೇ ನೋಡುತ್ತಿದ್ದರು.

“ಯಾಕೆ ಬಿಚ್ಚಿದ್ರಿ?”

“ತಪ್ಪಾಯ್ತು ಮಾಸ್ಟ್ರೇ.”

“ತಪ್ಪೇ. ರಸ್ತೇಲಿ ಕಣ್ಣು ಮುಚ್ಚಿದ್ರೆ ಬಸ್ಸಿಗೆ ಬೀಳ್ತೀರಿ.” ಲೋಟ ಕೆಳಗಿಟ್ಟರು. “ಆದ್ರೆ ಆ ಇಬ್ರು ಕುಣಿಯೋರು ನಮ್ಮ ಡ್ರಮ್ ಬುಟ್ಟು ನಿಮ್ಮ ಹಿಂದೆ ಬಂದವ್ರೆ ಕಣ್ರೀ. ಡ್ರಮ್ ಬುಟ್ಟು! ಕೋಟ್ ಹಾಕ್ಕೊಳ್ಳಿ. ನಡೆಯೋವಾಗ ಕಣ್ಣು ಬಿಟ್ಟಿರಿ. ನಿಂತಾಗ ಏನಾದ್ರೂ ಮಾಡ್ಕೊಳ್ಳಿ.”

ನನ್ನನ್ನು ಸಾಲಿನ ನಡುವಿಗೆ ಹಾಕಿದರು. ಡ್ರಮ್ಮಿನವನನ್ನು ನೇರ ನನ್ನ ಬೆನ್ನ ಹಿಂದೆ.

ಮುಂದಿನ ಗುರುವಾರದ ಮೆರವಣಿಗೆ ನಿಲ್ಲಲೇ ಇಲ್ಲ. ರಾಹುಕಾಲಕ್ಕೆ ಮೊದಲು ಒಳಗೆ ಹೋಗಬೇಕೆಂದು ಹೆಣ್ಣಿನ ಕಡೆಯವರ ಅವಸರ. ಕಣ್ಣು ಬಿಟ್ಟು ನುಡಿಸಿದೆ. ಚರಂಡಿಯ ಚಪ್ಪಡಿ, ಸಗಣಿ, ಕೇಬಲ್ಲಿನ ತಂತಿ, ಯಾರದೋ ಹಿಮ್ಮಡಿ ಎಲ್ಲ ಕಂಡವು. ಕೈ ಮಾತ್ರ ಲಗ್ನಪತ್ರಿಕೆ ಮಡಿಸಿದಂತೆ ಹಾಡು ಮಡಿಸುತ್ತಿತ್ತು. ಯಾವಾಗ ನಿಲ್ಲುತ್ತಾರೋ ಎಂದು ಒಳಗೊಳಗೇ ಚಡಪಡಿಕೆ.

ಕೊನೆಗೆ ತಿರುವಿನಲ್ಲಿ ಸಿಟಿ ಬಸ್ಸೊಂದು ಅಡ್ಡ ಸಿಕ್ಕಿಕೊಂಡಿತು. ಎಲ್ಲರೂ ನಿಂತರು. ಮಾಸ್ಟರು ಟ್ರಂಪೆಟ್ ಇಳಿಸಿ ನನ್ನ ಕಡೆ ನೋಡಿದರು. ಕಣ್ಣು ಮುಚ್ಚಿದೆ. ಬೆನ್ನ ಹಿಂದೆ ಕೋಲು ಡ್ರಮ್ಮಿನ ಅಂಚಿಗೆ ಸರಿಯಿತು. ಈ ಸಲ ನಿಜವಾಗಿಯೂ ಮೆಲ್ಲಗೆ ಬಾರಿಸುತ್ತಿದ್ದ. ಒಂದು ಸಾಲು ನುಡಿಸಿದೆ, ಇನ್ನೊಂದು. ಮೂರನೆಯದರ ನಡುವೆ ಬೆನ್ನಿಗೆ ಕೋಲು ತಿವಿಯಿತು.

“ಬಸ್ ಓಯ್ತು. ಕಣ್ ಬುಡಣ್ಣ.”

ಬಿಟ್ಟೆ. ಮುಂದೆ ಇನ್ಯಾವುದಾದರೂ ಬಸ್ಸು ಬರುತ್ತಿದೆಯೇ ಎಂದು ನೋಡುತ್ತ ನಡೆದೆ.