ಉಪಮಂತ್ರಿಯ ಕನ್ನಡ

ನಮ್ಮ ಕ್ಷೇತ್ರದ ಲೋಕಸಭಾ ಸದಸ್ಯರಿಗೆ ಕನ್ನಡದ ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ದಹಿಸರಿನ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದ ಬಿಜಾಪುರ ಕಡೆಯ ಜನ ಅವರನ್ನು ತಮ್ಮವರೆಂದೇ ತಿಳಿದಿದ್ದರು. ಅದಕ್ಕೆ ಕಾರಣ ನನ್ನ ಅಪ್ಪ.

ಅಪ್ಪ ಧಾರವಾಡದಿಂದ ಬಂದವರು. ದಹಿಸರ್ ಸ್ಟೇಷನ್ನಿನ ಪೂರ್ವಕ್ಕೆ ನಾಲ್ಕಾರು ಕನ್ನಡಿಗರು ಸೇರಿ ಒಂದು ಸಣ್ಣ ಶಾಲೆ ನಡೆಸುತ್ತಿದ್ದರು. ಅಪ್ಪ ಅದರ ಮಾಸ್ತರರು. ಓದಲು ಬರುವ ಮಕ್ಕಳು ಹೆಚ್ಚುಕಡಿಮೆ ಗುಡ್ಡದವರೇ. ತಗಡು, ಗೋಣಿಚೀಲ, ತಾವೇ ಒಡೆದ ಕಲ್ಲು ಸೇರಿಸಿ ಅವರ ಅಪ್ಪ ಅವ್ವಂದಿರು ಅಲ್ಲಿ ಮನೆ ಕಟ್ಟಿಕೊಂಡಿದ್ದರು. ನೆಲ ಸರ್ಕಾರದ್ದು. ಯಾವತ್ತು ಎಬ್ಬಿಸುತ್ತಾರೋ ಎಂಬ ಭಯ ಅವರಿಗೆ ಸದಾ ಇತ್ತು.

ಆ ಸದಸ್ಯರನ್ನು ಎಲ್ಲರೂ ಸಾಹೇಬರು ಎನ್ನುತ್ತಿದ್ದರು. ನಾನು ಹುಟ್ಟುವುದಕ್ಕೂ ಮೊದಲಿನಿಂದ ಗೆದ್ದು ಬರುತ್ತಿದ್ದವರು. ಹರೆಯದಲ್ಲಿ ಜೈಲು ಕಂಡವರು, ವಕೀಲಿ ಬಿಟ್ಟು ಖಾದಿ ತೊಟ್ಟವರು. ದನಿ ಮೆತ್ತಗೆ. ದಿಲ್ಲಿಯಲ್ಲಿ ಅವರು ಗದ್ದಲ ಮಾಡಿದ ಸುದ್ದಿ ಯಾವ ಪೇಪರಿನಲ್ಲೂ ಬಂದದ್ದಿಲ್ಲ. ರೈಲ್ವೆ ಗೇಟಿನ ಬಗ್ಗೆ, ಲೋಕಲ್ ಗಾಡಿಗಳ ಬಗ್ಗೆ ಪ್ರಶ್ನೆ ಕೇಳುತ್ತಿದ್ದರು, ಉತ್ತರ ಬಂದರೆ ಸುಮ್ಮನೆ ಕೂತುಬಿಡುತ್ತಿದ್ದರು. ಮಂತ್ರಿಮಂಡಲ ಬದಲಾದಾಗೆಲ್ಲ ಈ ಸಲ ಇವರೇ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಆಗುತ್ತಿರಲಿಲ್ಲ.

ಅರವತ್ತರ ದಶಕದ ಕೊನೆಯ ಚುನಾವಣೆಗೆ ಅವರು ಗುಡ್ಡಕ್ಕೆ ಬಂದಾಗ ಮರಾಠಿ ಭಾಷಣವನ್ನು ಕನ್ನಡಕ್ಕೆ ಹೇಳಲು ಅಪ್ಪನನ್ನು ಕರೆದರು. ನಾನು ಹೈಸ್ಕೂಲಿನಲ್ಲಿದ್ದೆ, ಅಪ್ಪನ ಜೊತೆ ಹೋಗಿದ್ದೆ. ಸಾಹೇಬರು ಬಿಸಿಲಲ್ಲಿ ನಿಂತೇ ಮಾತಾಡಿದರು. ಮನೆಗಳ ವಿಷಯ ಬಂದಾಗ, "ಮೀ ಪ್ರಯತ್ನ ಕರೀನ್" ಅಂದರು, ಪ್ರಯತ್ನ ಮಾಡುತ್ತೇನೆ ಎಂದಷ್ಟೇ. ಅಪ್ಪ ಒಂದು ಕ್ಷಣ ಜನರ ಮುಖ ನೋಡಿದರು. ಆಮೇಲೆ ದನಿ ಎತ್ತಿ, "ನಾ ಇರೂತನಕ ನಿಮ್ಮ ಮನೀ ಒಂದು ಕಲ್ಲನ್ನೂ ಯಾರೂ ಮುಟ್ಟೂದಿಲ್ಲ" ಅಂದರು.

ಗುಡ್ಡವೆಲ್ಲ ಚಪ್ಪಾಳೆ ಹೊಡೆಯಿತು. ಸಾಹೇಬರು ಮುಗುಳ್ನಕ್ಕು ಕೈ ಮುಗಿದರು.

ಶಾಲೆಯಲ್ಲಿ ಮರಾಠಿ ಕಲಿತವಳು ನಾನು. ಇಳಿದು ಬರುವಾಗ, ಅವರು ಹಾಗಂದಿಲ್ಲವಲ್ಲ ಎಂದು ಅಪ್ಪನನ್ನು ಕೇಳಿದೆ. ಪ್ರಯತ್ನ ಅಂದರೆ ಈ ಜನಕ್ಕೆ ಧೈರ್ಯ ಬರುವುದಿಲ್ಲ, ಮನುಷ್ಯ ಒಳ್ಳೆಯವರು, ಖಂಡಿತ ಮಾಡುತ್ತಾರೆ ಎಂದರು ಅಪ್ಪ. ಅವರು ಅದನ್ನು ಪೂರಾ ನಂಬಿದ್ದರು.

ಆ ಚುನಾವಣೆಯಲ್ಲಿ ಸಾಹೇಬರು ಗೆದ್ದರು, ಅದರ ಮುಂದಿನದರಲ್ಲೂ ಗೆದ್ದರು. ಎರಡನೆಯ ಸಲವೂ ಅಪ್ಪನೇ ಪಕ್ಕದಲ್ಲಿ ನಿಂತು ಅದೇ ಮಾತು ಹೇಳಿದರು. ಕೆಲ ಕಾಲಕ್ಕೆ ಸಾಹೇಬರು ಉಪಮಂತ್ರಿಯಾದರು. ಅಪ್ಪ ಶಾಲೆಯಲ್ಲಿ ಪೇಢೆ ಹಂಚಿದರು. ಗುಡ್ಡದವರು ತಗಡು ತೆಗೆದು ಹೆಂಚು ಹೊದಿಸಿದರು, ಊರಿಂದ ತಂಗಿ ತಮ್ಮಂದಿರನ್ನು ಕರೆಸಿಕೊಂಡರು. ಇನ್ನೇನು ಭಯ, ನಮ್ಮ ಸಾಹೇಬ ಮಂತ್ರಿ ಆಗ್ಯಾನ ಎನ್ನುತ್ತಿದ್ದರು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ಒಂದು ದಿನ ಗುಡ್ಡದ ಗೋಡೆಗಳ ಮೇಲೆ ಜಾಗ ಖಾಲಿ ಮಾಡಬೇಕೆಂಬ ನೋಟೀಸು ಅಂಟಿತು. ಕಲ್ಲಿನ ಕೆಲಸದವರ ಮೇಲಾಳಾಗಿದ್ದ ಮುಕಾದಮ, ವಯಸ್ಸಾದ ಮನುಷ್ಯ, ನಮ್ಮ ಮನೆಗೆ ಬಂದು ಅಪ್ಪನಿಂದ ಅದನ್ನು ಓದಿಸಿದ. ಗಾಬರಿಯೇನೂ ಆಗಲಿಲ್ಲ ಅವನಿಗೆ. ಸಾಹೇಬರಿಗೆ ಒಂದು ಮಾತು ತಿಳಿಸಿಬಿಡ್ರಿ ಎಂದಷ್ಟೇ ಹೇಳಿ ಹೋದ.

ಆ ಭಾನುವಾರ ಅಪ್ಪ ನನ್ನನ್ನೂ ಕರೆದುಕೊಂಡು ಲೋಕಲ್ ಹಿಡಿದು ಸಾಹೇಬರ ಮನೆಗೆ ಹೋದರು. ನಾನು ಆಗ ಕೆಲಸಕ್ಕೆ ಸೇರಿದ್ದೆ. ಸಾಹೇಬರು ಅಪ್ಪನ ಗುರುತು ಹಿಡಿದರು, ಚಹಾ ತರಿಸಿದರು. ಬಹಳ ಇಳಿದುಹೋಗಿದ್ದರು. ಅಪ್ಪ ವಿಷಯ ಹೇಳಿದಾಗ ಅವರು ಏನೂ ಮುಚ್ಚಿಡಲಿಲ್ಲ. ಆ ಜಾಗ ತಮ್ಮ ಖಾತೆಗೆ ಬರುವುದಿಲ್ಲ, ಆದರೂ ಸಂಬಂಧಪಟ್ಟವರಿಗೆ ಹೇಳಿ ನೋಡಿದ್ದೇನೆ, ಈ ಮಾತು ಮತ್ತೆ ಎತ್ತಬೇಡಿ ಎಂದು ಅವರು ತಿಳಿಸಿದ್ದಾರೆ ಎಂದರು. ಉಪಮಂತ್ರಿ ಎಂದರೆ ಹೊರಗೆ ಕಾರು, ಒಳಗೆ ಕಾಯುವ ಕುರ್ಚಿ ಎಂದು ತಮ್ಮನ್ನೇ ಆಡಿಕೊಂಡರು.

ಅಪ್ಪ ಮೆಲ್ಲಗೆ, ತಾವು ಆ ಜನಕ್ಕೆ ಮಾತು ಕೊಟ್ಟಿದ್ದಿರಿ ಎಂದರು.

"ಪ್ರಯತ್ನ ಮಾಡ್ತೀನಿ ಅಂದಿದ್ದೆ, ಮಾಸ್ತರ್" ಎಂದರು ಸಾಹೇಬರು ಮರಾಠಿಯಲ್ಲಿ. "ನೀವು ಏನಂತ ಹೇಳಿದಿರಿ?"

ಅಪ್ಪ ಕೈಯಲ್ಲಿದ್ದ ಚಹಾ ಕೆಳಗಿಟ್ಟು ತಲೆ ತಗ್ಗಿಸಿದರು. ನಾನು ನೆಲ ನೋಡುತ್ತಾ ಕೂತೆ. ಸಾಹೇಬರಿಗೆ ಅಷ್ಟರಲ್ಲೇ ತಿಳಿಯಿತು. ಅವರು ಸಿಟ್ಟಾಗಲಿಲ್ಲ.

"ನನ್ನ ಮಾತಿಗೆ ಆ ಚಪ್ಪಾಳೆ ಜಾಸ್ತಿ ಆಯ್ತು ಅಂತ ನನಗೂ ಅನಿಸಿತ್ತು. ಕೇಳಬಹುದಿತ್ತು. ಕೇಳಲಿಲ್ಲ" ಎಂದರು. ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಗುಡ್ಡಕ್ಕೆ ಹೋಗಿ ಅಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಸಾಮಾನು ಕಟ್ಟಿಕೊಳ್ಳಿ ಎಂದರು. ಜನ ನಂಬಲಿಲ್ಲ. ಮಾಸ್ತರ್ರು ಸುಮ್ಮನೆ ಹೆದರ್ಯಾರ ಎಂದುಕೊಂಡರು.

ಒಂದು ಬೆಳಿಗ್ಗೆ ಶಾಲೆ ನಡೆಯುತ್ತಿದ್ದಾಗಲೇ ಪೊಲೀಸರು ಲಾರಿಗಳೊಂದಿಗೆ ಮನೆ ಕೆಡವಲು ಬಂದರು. ಮಕ್ಕಳು ಪಾಟಿ ಬಿಟ್ಟು ಗುಡ್ಡಕ್ಕೆ ಓಡಿದರು, ಅಪ್ಪ ಅವರ ಹಿಂದೆ ಓಡಿದರು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಅರ್ಧ ಮನೆಗಳು ಬಿದ್ದಿದ್ದವು. ಹೆಂಗಸರು ಹೆಂಚುಗಳನ್ನು ಒಂದೊಂದಾಗಿ ಇಳಿಸುತ್ತಿದ್ದರು, ಒಡೆಯದಿರಲಿ ಎಂದು. ಮುಕಾದಮ ಒಂದು ಟ್ರಂಕಿನ ಮೇಲೆ ಕೂತಿದ್ದ. ಅಪ್ಪ ಅವನ ಎದುರು ನಿಂತು, ತಪ್ಪು ನನ್ನದು, ಸಾಹೇಬರು ಹಾಗಂದಿರಲಿಲ್ಲ, ನಾನೇ ಸೇರಿಸಿ ಹೇಳಿದ್ದು ಎಂದರು.

ಮುಕಾದಮ ತಲೆ ಎತ್ತಿದ. "ಸಾಹೇಬ ಏನಂದಾನೋ ನಮಗೇನು ತಿಳೀತೈತ್ರಿ, ಮಾಸ್ತರ್ರ. ನಾವು ಓಟು ಹಾಕಿದ್ದು ನಿಮ್ಮ ಮಾತಿಗೆ."

ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರೇನೋ. ಅವನು ಬೈಯಲಿಲ್ಲ. ಲಾರಿಗಳು ಅವರನ್ನೆಲ್ಲ ಖಾಡಿಯ ಹಿನ್ನೀರು ದಾಟಿಸಿ, ವಸಯಿಯ ಆಚೆ ಬಯಲಿನಲ್ಲಿ ಇಳಿಸಿದವು.

ಮಳೆಗಾಲ ಮುಗಿದ ಮೇಲೆ ಅಪ್ಪ, ನಾನು ಅಲ್ಲಿಗೆ ಹೋದೆವು. ಮಕ್ಕಳನ್ನು ಶಾಲೆಗೆ ಕಳಿಸಿ ಎಂದು ಕೇಳುವುದಿತ್ತು. ಹೊಸ ಕ್ವಾರಿಯ ಪಕ್ಕದಲ್ಲಿ ಮತ್ತೆ ತಗಡಿನ ಮನೆಗಳು ಎದ್ದಿದ್ದವು. ಅಪ್ಪನಿಂದ ಅಕ್ಷರ ಕಲಿತಿದ್ದ ಮಕ್ಕಳು ಅವ್ವಂದಿರ ಪಕ್ಕ ಕೂತು ಜಲ್ಲಿ ಒಡೆಯುತ್ತಿದ್ದರು. ನಮಗೆ ಕೂರಲು ಚಾಪೆ ಹಾಸಿದರು, ಚಹಾ ಕೊಟ್ಟರು. ಮುಕಾದಮ ಮಳೆಯಲ್ಲಿ ಜ್ವರ ಬಂದು ತೀರಿಹೋಗಿದ್ದ. ಇಷ್ಟು ದೂರದಿಂದ ದಿನಾ ಮಕ್ಕಳನ್ನು ಕಳಿಸುವುದು ಹೇಗೆ ಎಂದು ಒಬ್ಬ ತಾಯಿ ಕೇಳಿದಳು.

ಮಕ್ಕಳಿಲ್ಲದೆ ಶಾಲೆ ಮುಚ್ಚಿತು. ಅಪ್ಪನಿಗೆ ಮುಲುಂಡಿನ ಸಿಮೆಂಟ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು, ನಾವು ಅತ್ತ ಹೋದೆವು. ಮುಂದಿನ ಚುನಾವಣೆಯಲ್ಲಿ ಸಾಹೇಬರು ಸೋತರು. ಆದರೆ ಅವರ ಪಕ್ಷ ಅವರನ್ನು ಮರೆಯಲಿಲ್ಲ. ಸ್ವಲ್ಪ ಕಾಲದಲ್ಲೇ ರಾಜ್ಯಸಭೆಗೆ ಕಳಿಸಿತು. ಅಲ್ಲಿಯೂ ಅವರು ಮೆತ್ತಗೆ ಪ್ರಶ್ನೆ ಕೇಳುತ್ತ ಕೂತರು. ಒಮ್ಮೆ ಮಾಟುಂಗದಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದವರು ಕನ್ನಡದಲ್ಲಿ ನಾಲ್ಕು ಮಾತು ಹೇಳಲು ಅಪ್ಪನನ್ನು ಕೇಳಲು ಬಂದರು. ಅಪ್ಪ ಒಳಗಿನಿಂದ ಎದ್ದು ಬರಲೇ ಇಲ್ಲ. ಅಪ್ಪನಿಗೆ ಮೈ ಸರಿಯಿಲ್ಲ ಎಂದು ನಾನೇ ಹೇಳಿ ಕಳಿಸಿದೆ.

ಆಮೇಲೆ ಮನೆಯಲ್ಲೂ ಅಪ್ಪ ಕನ್ನಡ ಮಾತಾಡುವುದು ಕಡಿಮೆಯಾಗುತ್ತಾ ಹೋಯಿತು. ಅವ್ವ ಏನಾದರೂ ಕೇಳಿದರೆ, ಅಂಗಡಿಯಲ್ಲಿ ಕಲಿತ ಅರೆಬರೆ ಗುಜರಾತಿಯಲ್ಲೋ ಹಿಂದಿಯಲ್ಲೋ ಒಂದೆರಡು ಶಬ್ದದಲ್ಲಿ ಉತ್ತರ ಕೊಟ್ಟು, ಪೇಪರು ಹಿಡಿದು ಗೋಡೆ ಕಡೆ ತಿರುಗಿ ಕೂತುಬಿಡುತ್ತಿದ್ದರು.